ಮುತ್ತಾತನ ಹೆಸರು ಯಾವ ಕಡತದಲ್ಲಿದೆ?

ಸ್ಕಾಟ್ಲೆಂಡಿನವರು 1513ರಿಂದೀಚಿನ ಉಯಿಲುಗಳನ್ನ ಆನ್‌ಲೈನಲ್ಲಿ ಇಟ್ಟವ್ರೆ, ಕುಂತಲ್ಲೇ ಮುತ್ತಾತನ್ನ ಹುಡುಕಬಹುದು. ನಮ್ಮ ಮುತ್ತಾತಂಗೆ ಉಯಿಲು ಬರೆಯೋಕೆ ಆಸ್ತಿ ಎಲ್ಲಿತ್ತು? ಅವನ ಹೆಸರು ಸಿಕ್ಕಿದ್ರೆ ತೋಟಿ ಇನಾಮ್ತಿಯಲ್ಲಿ, ಇಲ್ಲಾ ಸರ್ಕಾರ ಮಂಜೂರು ಮಾಡಿದ ತುಂಡು ಜಮೀನಿನ ಕಡತದಲ್ಲಿ.

1978ರ ಪಿಟಿಸಿಎಲ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಕಾಲಮಿತಿಯ ಅಡ್ಡಿ ಹೋಯ್ತು. ಪರಭಾರೆಯಾದ ಜಮೀನು ವಾಪಸ್ ಕೇಳೋಕೆ ಹೋದ್ರೆ ಈಗ ‘ಮಂಜೂರಾತಿ ಕಡತ ತನ್ನಿ, ವಂಶವೃಕ್ಷ ತನ್ನಿ’. ಕಡತ ಇಟ್ಕೊಂಡಿರೋರು ನಾವಾ? ಕೊಳ್ಳೇಗಾಲ, ಹನೂರು ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆ. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರು. ಗಡಿ ಬದಲಾಯಿಸಿದೋರೇ ಕಡತ ಹುಡುಕಲಿ.

ನಾನೂ ಗುಮಾಸ್ತನೇ. ‘ಕಡತ ಲಭ್ಯವಿಲ್ಲ’ ಅಂತ ಹಿಂಬರಹ ಕೊಡೋಕೆ ಎರಡು ನಿಮಿಷ, ರೆಕಾರ್ಡ್ ರೂಮಿನ ಗಂಟು ಬಿಚ್ಚೋಕೆ ಇಡೀ ದಿನ. ಹಿಂಬರಹ ಹಿಡ್ಕೊಂಡು ಮನೆಗೆ ಬರಬೇಡಿ. ಸರ್ವೆ ನಂಬರ್ ಹಾಕಿ ಆರ್‌ಟಿಐ ಕೊಡಿ, ಎಲ್ಲೆಲ್ಲಿ ಹುಡುಕಿದ್ರಿ ಅಂತ ಬರಹದಲ್ಲಿ ಕೇಳಿ.