ಗೀರು ಇದ್ರೆ ರಿಟರ್ನ್ ಹಾಕ್ಬೇಕಾ?

ಹೋದ ಸೆಮ್‌ನಲ್ಲಿ ಅಥಣಿ ಕಡೆಯ ಕೊಲ್ಹಾಪುರಿ ಚಪ್ಪಲಿ ಆನ್‌ಲೈನ್‌ನಲ್ಲಿ ತರಿಸಿದೆ. ಎಡಗಾಲಿನದ್ದರ ಮೇಲೆ ಉದ್ದಕ್ಕೆ ಒಂದು ಗೀರು, ಪಕ್ಕದಲ್ಲಿ ನಾಲ್ಕೈದು ಚುಕ್ಕೆ. ತಕ್ಷಣ ಫೋಟೋ ತೆಗೆದು 'ಡ್ಯಾಮೇಜ್' ಅಂತ ರಿಟರ್ನ್ ಹಾಕಿದೆ. ಆಮೇಲೆ ಈ ಚರ್ಮದ ಬಗ್ಗೆ ಓದಿ ನಾಚಿಕೆ ಆಯ್ತು.

ಬೇಲಿಯ ಮುಳ್ಳು ಗೀರಿದ್ದು, ಉಣ್ಣಿ ಕಚ್ಚಿದ್ದು, ಕತ್ತಿನ ಸುಕ್ಕು ಎಲ್ಲವೂ ಚರ್ಮದಲ್ಲಿ ಉಳಿಯುತ್ತೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮಕ್ಕೆ ದಪ್ಪ ಪೇಂಟ್ ಬಳಿಯದಿದ್ದರೆ ಅದೆಲ್ಲ ಕಣ್ಣಿಗೆ ಕಾಣುತ್ತೆ, ಅಷ್ಟೇ. ಒಂದು ಕಲೆಯೂ ಇಲ್ಲದ ಎಷ್ಟೋ ಲೆದರ್‌ನಲ್ಲಿ ಮೇಲ್ಪದರವನ್ನು ಉಜ್ಜಿ, ಬಣ್ಣ ಬಳಿದು, ಮೆಷಿನ್‌ನಲ್ಲಿ ಒಂದೇ ಥರದ ಗ್ರೇನ್ ಒತ್ತಿರ್ತಾರೆ. ನಾವು ಅದನ್ನೇ 'ಕ್ವಾಲಿಟಿ' ಅಂತೀವಿ.

ಹಾಗಂತ ಎಲ್ಲವನ್ನೂ ಒಪ್ಕೋಬೇಕಿಲ್ಲ. ಹೊಲಿಗೆ ಬಿಚ್ಚಿದ್ರೆ, ಚರ್ಮ ಒಣಗಿ ಬಿರುಕು ಬಿಟ್ಟಿದ್ರೆ ಧಾರಾಳವಾಗಿ ವಾಪಸ್ ಕಳಿಸಿ. ಆದರೆ ವರ್ಕ್‌ಶಾಪ್‌ನಲ್ಲಿ ಟಾಲರೆನ್ಸ್ ಕಲಿಯೋ ನಮಗೆ, ಕೆಲಸಕ್ಕೆ ಅಡ್ಡಿಯಾಗದ ವ್ಯತ್ಯಾಸ ಡಿಫೆಕ್ಟ್ ಅಲ್ಲ ಅಂತ ಬೇರೆಯವರು ಹೇಳಬೇಕಾ?

2019ರಲ್ಲಿ ಈ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿತು. ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಅದರಲ್ಲಿವೆ. ಸ್ಟೇಟಸ್‌ನಲ್ಲಿ 'ನಮ್ಮ ಹೆಮ್ಮೆ' ಅಂತ ಹಾಕಿ, ಕೈಗೆ ಬಂದಾಗ ಕಲೆ ಹುಡುಕಿದ್ರೆ ಏನು ಬಂತು? ನಾವು ಒತ್ತೋ ಒಂದು ಬಟನ್‌ನ ನಷ್ಟ ಕೂತು ಹೊಲಿದವರ ತಲೆ ಮೇಲೂ ಬೀಳಬಹುದು.

ನಾನು ರಿಟರ್ನ್ ಕ್ಯಾನ್ಸಲ್ ಮಾಡಿದೆ. ಈಗ ಚಪ್ಪಲಿ ಕಪ್ಪಾಗ್ತಾ ಬಂದಿದೆ, ಐದೂ ಬೆರಳಿನ ಗುರುತು ಮೂಡಿದೆ. ಆ ಗೀರನ್ನು ಹುಡುಕಬೇಕು.