ಜರಿಗಿಡದ ಗಳಿಕೆ

ಚೀನಾ ದೇಶದ ದಕ್ಷಿಣ ಭಾಗದಲ್ಲಿ ಜಿಯಾಂಗ್ಸಿ ಎಂಬ ಪ್ರಾಂತವಿದೆ. ಅಲ್ಲಿನ ಕೆಂಪು ಮಣ್ಣಿನ ಗುಡ್ಡಗಳಲ್ಲಿ, ಬೇರೆ ಗಿಡಗಳು ಬೇರೂರಲು ಹಿಂಜರಿಯುವ ಎಡೆಗಳಲ್ಲಿಯೂ, ಒಂದು ಬಗೆಯ ಜರಿಗಿಡ ಸೊಂಪಾಗಿ ಹಬ್ಬುತ್ತದೆ. ಅದಕ್ಕೆ ಹೂವಿಲ್ಲ, ಹಣ್ಣಿಲ್ಲ. ದಾರಿಹೋಕರು ಅದನ್ನು ತಿರುಗಿಯೂ ನೋಡರು. ಸಸ್ಯಶಾಸ್ತ್ರಜ್ಞರು ಡೈಕ್ರನಾಪ್ಟೆರಿಸ್ ಎಂದು ಕರೆಯುವ ಈ ಗಿಡದ ಎಲೆಯನ್ನು ಒಣಗಿಸಿ ಪರೀಕ್ಷಿಸಿದರೆ, ಒಂದು ಕಿಲೋಗ್ರಾಂ ಎಲೆಯಲ್ಲಿ ಎರಡು ಮೂರು ಗ್ರಾಂಗಳವರೆಗೆ ವಿರಳ ಭಸ್ಮ ಧಾತುಗಳು ಇರುವುದು ಕಂಡುಬರುತ್ತದೆ. ಸಾಮಾನ್ಯ ಸಸ್ಯಗಳಲ್ಲಿ ಇವುಗಳ ಪ್ರಮಾಣ ಕಿಲೋಗ್ರಾಮಿಗೆ ಕೆಲವು ಮಿಲಿಗ್ರಾಂಗಳನ್ನು ದಾಟುವುದೇ ಅಪರೂಪ. ಮಣ್ಣಿನಲ್ಲಿ ಚದುರಿದುದನ್ನು ಕಣಕಣವಾಗಿ ಆಯ್ದು ಕೂಡಿಡುವ ಈ ಗಿಡದ ಗಳಿಕೆಯನ್ನು ಮನುಷ್ಯ ಹೇಗೆ ಬಳಸಿಕೊಳ್ಳಬೇಕು ಎಂಬುದು ಇಂದು ವಿಚಾರ ಮಾಡಬೇಕಾದ ಪ್ರಶ್ನೆ.

ವಿರಳ ಭಸ್ಮ ಧಾತುಗಳು ಒಟ್ಟು ಹದಿನೇಳು. ಲ್ಯಾಂಥನಮ್ ಮೊದಲ್ಗೊಂಡು ಲುಟೀಷಿಯಮ್‌ವರೆಗಿನ ಹದಿನೈದು ಧಾತುಗಳು ಮತ್ತು ಅವುಗಳ ಗುಣವನ್ನೇ ಹೋಲುವ ಸ್ಕ್ಯಾಂಡಿಯಮ್, ಇಟ್ರಿಯಮ್‌ಗಳು ಈ ಕುಟುಂಬಕ್ಕೆ ಸೇರಿವೆ. ಹೆಸರಿನಲ್ಲಿರುವ ವಿರಳತೆ ಪೂರ್ಣ ನಿಜವಲ್ಲ. ಭೂಮಿಯ ಹೊರಪದರದಲ್ಲಿ ಸೀರಿಯಮ್ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಆದರೆ ಇವು ಒಂದೆಡೆ ರಾಶಿಯಾಗಿ ದೊರೆಯುವುದು ಕಡಿಮೆ. ದೊರೆತರೂ ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಬಹು ಕಷ್ಟ. 1839ರಲ್ಲಿ ಸ್ವೀಡನ್ನಿನ ಮೊಸಾಂಡರ್ ಕಂಡುಹಿಡಿದ ಲ್ಯಾಂಥನಮ್ ಧಾತುವಿನ ಹೆಸರು ‘ಅಡಗಿರು’ ಎಂಬರ್ಥದ ಗ್ರೀಕ್ ಪದದಿಂದ ಬಂದುದು. ಹೀಗೆ ಅಡಗಿದ್ದ ಧಾತುಗಳಿಗೆ ಈಗ ಎಲ್ಲಿಲ್ಲದ ಬೇಡಿಕೆ. ಗಾಳಿಯಂತ್ರಗಳಲ್ಲಿ, ವಿದ್ಯುತ್ತಿನಿಂದ ಓಡುವ ವಾಹನಗಳಲ್ಲಿ ಬಳಸುವ ಬಲಶಾಲಿ ಅಯಸ್ಕಾಂತಗಳಿಗೆ ನಿಯೋಡಿಮಿಯಮ್ ಬೇಕು.

ಗಿಡಗಳು ಬದುಕಲು ಈ ಧಾತುಗಳು ಅನಿವಾರ್ಯವೆಂದು ಕಂಡುಬಂದಿಲ್ಲ. ಹಾಗಿದ್ದರೂ ಇವು ಗಿಡದ ಒಳಹೊಕ್ಕುವ ಬಗೆ ಕುತೂಹಲಕರವಾದುದು. ಬೇರುಗಳು ಮಣ್ಣಿಗೆ ಸಾವಯವ ಆಮ್ಲಗಳನ್ನು ಸ್ರವಿಸುತ್ತವೆ. ಆ ಆಮ್ಲಗಳಿಂದ ಮಣ್ಣಿನ ಕಣಗಳಿಗೆ ಅಂಟಿದ ಧಾತುಗಳು ಸಡಿಲಗೊಂಡು ನೀರಿನಲ್ಲಿ ಬೆರೆಯುತ್ತವೆ. ಗಾತ್ರದಲ್ಲಿ ಅವು ಕ್ಯಾಲ್ಸಿಯಮ್ ಅಯಾನುಗಳನ್ನು ಹೋಲುವುದರಿಂದ, ಕ್ಯಾಲ್ಸಿಯಮ್‌ಗೆಂದು ತೆರೆದ ಬಾಗಿಲಿನಿಂದಲೇ ಬೇರಿನೊಳಗೆ ನುಸುಳಬಲ್ಲವು. ಬಹುತೇಕ ಗಿಡಗಳು ಇವುಗಳನ್ನು ಬೇರಿನಲ್ಲಿಯೇ ತಡೆದು ನಿಲ್ಲಿಸುತ್ತವೆ; ಜೀವಕೋಶಗಳ ಭಿತ್ತಿಗೆ ಅಂಟಿಸಿಯೋ ಫಾಸ್ಫೇಟಿನೊಡನೆ ಸೇರಿಸಿಯೋ ಕಟ್ಟಿಹಾಕುತ್ತವೆ. ಜರಿಗಿಡವಾದರೋ ಇವುಗಳನ್ನು ನೀರಿನ ನಾಳಗಳ ಮೂಲಕ ಮೇಲಕ್ಕೆ ಸಾಗಿಸಿ, ಎಲೆಗಳಲ್ಲಿ ತನಗೆ ಕೇಡಾಗದಂತೆ ಇರಿಸಿಕೊಳ್ಳುತ್ತದೆ. ಆದುದರಿಂದಲೇ ಎಳೆಯ ಎಲೆಗಿಂತ ಬಲಿತ ಎಲೆಯಲ್ಲಿ ಇವುಗಳ ಸಂಗ್ರಹ ಹೆಚ್ಚು.

ಈ ಶಕ್ತಿ ಜರಿಗಿಡವೊಂದಕ್ಕೇ ಮೀಸಲಲ್ಲ. ಅಮೆರಿಕದ ಹಿಕರಿ ಮರದ ಎಲೆಗಳಲ್ಲಿ ಇವೇ ಧಾತುಗಳಿರುವುದನ್ನು ರಾಬಿನ್ಸನ್ ಮತ್ತು ಅವರ ಸಂಗಡಿಗರು 1938ರಲ್ಲಿಯೇ ಪ್ರಕಟಿಸಿದ್ದರು. ಬ್ಲೆಕ್ನಮ್ ಎಂಬ ಇನ್ನೊಂದು ಜರಿಗಿಡದ ಅಂಗಾಂಶದಲ್ಲಿ ಮೊನಾಜೈಟ್ ಖನಿಜದ ಅತಿಸೂಕ್ಷ್ಮ ಹರಳುಗಳು ಮೂಡುವುದನ್ನು ವಿಜ್ಞಾನಿಗಳು 2025ರಲ್ಲಿ ವರದಿ ಮಾಡಿದರು. ಕೇರಳದ ಕಡಲತೀರದ ಮರಳಿನಲ್ಲಿ ದೊರೆಯುವ ಮೊನಾಜೈಟ್ ಶಿಲೆಗಳ ಕಡುಗಾವಿನಲ್ಲಿ ಹುಟ್ಟಿದುದು. ಅದೇ ಖನಿಜವನ್ನು ಜರಿಗಿಡ ಬಿಸಿಲು ನೆರಳಿನ ಸಾಮಾನ್ಯ ಹವೆಯಲ್ಲಿ ರೂಪಿಸಿಕೊಂಡಿತು.

ಇದೇ ಧಾತುಗಳನ್ನು ಮನುಷ್ಯ ಪಡೆದ ರೀತಿ ಬೇರೆ. ಜಿಯಾಂಗ್ಸಿಯ ಜೇಡಿಮಣ್ಣಿನಲ್ಲಿ ಇವು ಅಂಟಿಕೊಂಡಿರುವುದು 1969ರಲ್ಲಿ ತಿಳಿಯಿತು. ಮಣ್ಣಿನಲ್ಲಿ ಇವುಗಳ ಪಾಲು ಸಾಮಾನ್ಯವಾಗಿ ಶೇಕಡಾ 0.05ರಿಂದ 0.2 ಮಾತ್ರ. ಅಷ್ಟನ್ನು ಪಡೆಯಲು ಮೊದಮೊದಲು ಗುಡ್ಡದ ಹಸುರನ್ನೂ ಮೇಲ್ಮಣ್ಣನ್ನೂ ಕೆತ್ತಿ ತೆಗೆದು, ಮಣ್ಣನ್ನು ಲವಣದ ದ್ರಾವಣದಿಂದ ತೊಳೆದರು. ಮುಂದೆ ಗುಡ್ಡದಲ್ಲಿಯೇ ರಂಧ್ರಗಳನ್ನು ಕೊರೆದು ಅಮೋನಿಯಮ್ ಸಲ್ಫೇಟಿನ ದ್ರಾವಣವನ್ನು ಇಳಿಸಿದರು. ಲೋಹ ದೊರೆಯಿತು, ಗುಡ್ಡಗಳು ಬೋಳಾದವು, ಮಣ್ಣು ಹುಳಿಯಾಯಿತು, ತೊರೆಗಳಲ್ಲಿ ಅಮೋನಿಯಾ ಬೆರೆಯಿತು. ಲಾಭ ಪಡೆದವರು ದೂರದ ನಗರಗಳವರು. ಆ ನೀರಿನ ಕೇಡನ್ನು ಉಂಡವರು ಗುಡ್ಡದ ಬುಡದ ರೈತರು. ಹೀಗೆ ಬರಡಾದ ನೆಲಕ್ಕೆ ಮೊದಲು ಮರಳಿ ಬರುವ ಸಸ್ಯಗಳಲ್ಲಿ ಈ ಜರಿಗಿಡವೂ ಒಂದು.

ಇದನ್ನು ಕಂಡ ಕೆಲವರು, ಇನ್ನು ಗಣಿಗಳೇ ಬೇಡ, ಗಿಡಗಳಿಂದಲೇ ಲೋಹವನ್ನು ಬೆಳೆಯಬಹುದೆಂದು ಹಿಗ್ಗುತ್ತಾರೆ. ಲೆಕ್ಕ ಇದಕ್ಕೆ ಒಪ್ಪದು. ಒಂದು ಟನ್ನು ಒಣಗಿದ ಎಲೆಯಿಂದ ದೊರೆಯುವುದು ಹೆಚ್ಚೆಂದರೆ ಎರಡು ಮೂರು ಕಿಲೋಗ್ರಾಂ. 2024ರಲ್ಲಿ ಜಗತ್ತಿನ ಗಣಿಗಳ ಉತ್ಪನ್ನ ಮೂರೂವರೆ ಲಕ್ಷ ಟನ್ನನ್ನು ಮೀರಿತ್ತು. ಮತ್ತೆ ಕೆಲವರು, ಗಿಡಗಳು ತಾವಾಗಿಯೇ ನೆಲವನ್ನು ಶುದ್ಧಗೊಳಿಸುತ್ತವೆ, ಮನುಷ್ಯ ಸುಮ್ಮನಿದ್ದರೆ ಸಾಕು ಎನ್ನುತ್ತಾರೆ. ಇದೂ ಸರಿಯಲ್ಲ. ಬಲಿತ ಎಲೆ ಉದುರಿ ಕೊಳೆತರೆ ಅದರಲ್ಲಿದ್ದ ಧಾತು ಮತ್ತೆ ಮೇಲ್ಮಣ್ಣನ್ನೇ ಸೇರುತ್ತದೆ.

ಎಲ್ಲಕ್ಕಿಂತ ಅಪಾಯಕರವಾದುದು ಮೂರನೆಯ ಮಾತು: ‘ಹೇಗೂ ಗಿಡ ನೆಟ್ಟು ಸರಿಪಡಿಸಬಹುದು, ಈಗ ಗುಡ್ಡವನ್ನು ಅಗೆಯಲು ಅಡ್ಡಿಯೇನು?’ ಎಂಬುದು. ಕೆಸರು ತುಳಿಯುವುದೇಕೆ, ಕಾಲು ತೊಳೆಯುವುದೇಕೆ ಎಂಬ ಗಾದೆ ಇಂಥವರಿಗಾಗಿಯೇ ಹುಟ್ಟಿದಂತಿದೆ. ಕೆತ್ತಿದ ಗುಡ್ಡದ ಮೇಲ್ಮಣ್ಣನ್ನು ಜರಿಗಿಡ ಒಂದೆರಡು ವರ್ಷಗಳಲ್ಲಿ ಮರಳಿ ಕೊಡಲಾರದು. ಕೆಟ್ಟ ತೊರೆಯ ನೀರನ್ನು ಕುಡಿದವರ ಕಳೆದ ದಿನಗಳನ್ನಂತೂ ಯಾವ ಗಿಡವೂ ಹಿಂದಿರುಗಿಸದು.

ಆದಕಾರಣ ಈ ಗಿಡಕ್ಕೆ ಒಪ್ಪಿಸಬೇಕಾದುದು ವೈದ್ಯನ ಕೆಲಸವೇ ಹೊರತು ಗಣಿಗಾರನ ಕೆಲಸವಲ್ಲ. ಈಗಾಗಲೇ ಕೆಟ್ಟುಹೋದ ನೆಲದಲ್ಲಿ ಅದನ್ನು ಬೆಳೆಸಬೇಕು. ಗಿಡವನ್ನು ಬೇರುಸಹಿತ ಕೀಳದೆ ಬಲಿತ ಎಲೆಗಳನ್ನಷ್ಟೇ ಕೊಯ್ಯಬೇಕು. ಬೇರು ಉಳಿದರೆ ಮಣ್ಣು ಮಳೆಗೆ ಕೊಚ್ಚಿಹೋಗದು. ಕೊಯ್ದ ಎಲೆಯನ್ನು ಗೊಬ್ಬರಕ್ಕಾಗಲಿ ದನದ ಕೊಟ್ಟಿಗೆಗಾಗಲಿ ಬಳಸದೆ, ಅದರಿಂದ ಲೋಹವನ್ನು ಬೇರ್ಪಡಿಸಬೇಕು. ಹಾಗೆ ಬಂದ ಹಣ ಅಲ್ಪವಾದರೂ ಅದೇ ನೆಲದ ಮತ್ತು ಅಲ್ಲಿನ ಜನರ ಹಿತಕ್ಕೆ ಸಲ್ಲಬೇಕು.

ಡೈಕ್ರನಾಪ್ಟೆರಿಸ್ ಜರಿಗಿಡ ಪಶ್ಚಿಮ ಘಟ್ಟಗಳ ದರೆಗಳಲ್ಲಿಯೂ ಹೇರಳವಾಗಿ ಬೆಳೆಯುತ್ತದೆ. ಗಿಡ ಕೂಡಿಡುವುದು ತಾನು ನಿಂತ ಮಣ್ಣಿನಲ್ಲಿರುವುದನ್ನು ಮಾತ್ರ. ಆದುದರಿಂದ ಅದು ಹಬ್ಬಿದ ಕಡೆಯಲ್ಲೆಲ್ಲ ನಿಧಿ ಇದೆಯೆಂದು ಬಗೆಯಲಾಗದು. ಆದರೆ ಅಗೆದು ಬಿಟ್ಟ ದರೆಯ ಮಣ್ಣು ಜಾರದಂತೆ ಬೇರುಗಳಿಂದ ಹಿಡಿದು ನಿಲ್ಲಿಸುವ ಉಪಕಾರವನ್ನು ಅದು ಇಲ್ಲಿಯೂ ಮಾಡುತ್ತಿದೆ. ಲೋಹವಿರಲಿ, ಇಲ್ಲದಿರಲಿ, ಆ ಉಪಕಾರಕ್ಕಾಗಿಯೇ ಅದನ್ನು ಉಳಿಸಿಕೊಳ್ಳಬೇಕು.