ಎಳೆಯುವಾಗ ಅಳೆದು ನೋಡಿ

ಕಡೂರಿನ ಸಮೀಪದ ಒಂದು ತೆಂಗಿನ ತೋಟದಲ್ಲಿ ಹನ್ನೆರಡು ಮೀಟರ್ ಉದ್ದದ ರೈಲು ಮಾರ್ಗವೊಂದಿದೆ. ಮನೆಯ ಜಗಲಿಯಿಂದ ಹೊರಟು, ದಾಸವಾಳದ ಗಿಡಗಳನ್ನು ಬಳಸಿಕೊಂಡು, ಸ್ವಲ್ಪ ಏರು ಹತ್ತಿ ನೀರಿನ ತೊಟ್ಟಿಯ ಬಳಿ ಅದು ಮುಗಿಯುತ್ತದೆ. ಹಳಿಗಳ ನಡುವಿನ ಅಂತರ 45 ಮಿಲಿಮೀಟರ್. ತೋಟದ ಯಜಮಾನರ ಅಳಿಯ ಜರ್ಮನಿಯಿಂದ ಮಗನಿಗೆಂದು ತಂದುಕೊಟ್ಟ ಆಟದ ರೈಲು ಅದು. ಮಗ ತಾತನ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾನೆ.

ಆಟದ ರೈಲು ಎಂದು ಮೂಗು ಮುರಿಯಬೇಡಿ. ಹೀಗೆ ತೋಟದಲ್ಲಿ ಓಡಿಸುವ ರೈಲುಗಳನ್ನು ನ್ಯೂರೆಂಬರ್ಗ್‌ನ ಲೇಮನ್ ಎಂಬ ಕಂಪನಿ 1968ರಲ್ಲಿ ಮಾರುಕಟ್ಟೆಗೆ ತಂದಿತು. ನಿಜವಾದ ಗಾಡಿಯ ಇಪ್ಪತ್ತೆರಡೂವರೆಯಲ್ಲಿ ಒಂದು ಪಾಲು ಎಂಬುದು ಅದರ ಪ್ರಮಾಣ. 45ನ್ನು 22.5ರಿಂದ ಗುಣಿಸಿ ನೋಡಿ, 1012 ಮಿಲಿಮೀಟರ್ ಬರುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಮೀಟರ್. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹಾದುಹೋಗುತ್ತಿದ್ದುದು ಇದೇ ಮೀಟರ್‌ಗೇಜ್. ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ 1899ರಲ್ಲಿ ಬಂದ ರೈಲೂ ಅದೇ ಅಳತೆಯದು. ತರೀಕೆರೆಯಿಂದ ನರಸಿಂಹರಾಜಪುರಕ್ಕಿದ್ದ ಟ್ರಾಂವೇ ಮಾತ್ರ ಇನ್ನೂ ಚಿಕ್ಕದು, ಎರಡೇ ಅಡಿ. ಅದು ಈಗ ಹಿರಿಯರ ಮಾತಿನಲ್ಲಿ ಉಳಿದಿದೆ, ನೆಲದ ಮೇಲಿಲ್ಲ.

ಆ ಹುಡುಗ ಒಂದು ದಿನ ನನ್ನ ಹತ್ತಿರ ಬಂದು, “ಸಾರ್, ನಮ್ಮ ಇಂಜಿನ್ ಏರು ಹತ್ತುತ್ತಿಲ್ಲ. ದೊಡ್ಡ ಮೋಟರ್ ಹಾಕಬೇಕು” ಎಂದ. ಒಂದು ಭಾನುವಾರ ಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಚೀಲದಲ್ಲಿಟ್ಟುಕೊಂಡು ತರೀಕೆರೆಯಿಂದ ರೈಲು ಹತ್ತಿ ಹೋದೆ.

ಮೊದಲು ತೂಕ ನೋಡಿದೆವು. ಇಂಜಿನ್ ಎರಡು ಕಿಲೋ, ಮೂರು ಬೋಗಿಗಳು ತಲಾ 800 ಗ್ರಾಂ. ಒಂದು ಬೋಗಿಯನ್ನು ಸಮತಟ್ಟಾದ ಹಳಿಯ ಮೇಲೆ ಎಳೆಯಲು ತಕ್ಕಡಿ 30 ಗ್ರಾಂ ತೋರಿಸಿತು, ಮೂರಕ್ಕೆ 90. ಏರು ಮೂವತ್ತಕ್ಕೆ ಒಂದು. ಇಡೀ ಗಾಡಿಯ 4,400 ಗ್ರಾಂ ತೂಕವನ್ನು ಮೂವತ್ತರಿಂದ ಭಾಗಿಸಿದರೆ ಸುಮಾರು 147 ಗ್ರಾಂ. ಒಟ್ಟು ಬೇಕಾದ ಎಳೆತ 237 ಗ್ರಾಂ. ಇನ್ನು ಇಂಜಿನ್ನಿನ ಕೊಕ್ಕೆಗೆ ತಕ್ಕಡಿ ಸಿಕ್ಕಿಸಿ ಜಗಲಿಯ ಪಕ್ಕದಲ್ಲೇ ಎಳೆಸಿದಾಗ ಅದು 450 ಗ್ರಾಂವರೆಗೆ ಎಳೆದು, ಆಮೇಲೆ ಗಾಲಿಗಳು ಜಾರಿ ಸುಮ್ಮನೆ ತಿರುಗತೊಡಗಿದವು. ಉಕ್ಕಿನ ಗಾಲಿ ಲೋಹದ ಹಳಿಯ ಮೇಲೆ ತನ್ನ ತೂಕದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದಷ್ಟು ಎಳೆಯುವುದು ಸಾಮಾನ್ಯ. ಲೆಕ್ಕದ ಪ್ರಕಾರ ಗಾಡಿ ಸಲೀಸಾಗಿ ಹತ್ತಬೇಕು. ಹತ್ತಲಿಲ್ಲ. ತೊಟ್ಟಿ ಇನ್ನೂ ಎರಡು ಮೀಟರ್ ಇದೆ ಎನ್ನುವಾಗ ಗಕ್ಕನೆ ನಿಂತಿತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಅಲ್ಲಿ ಗಾಲಿ ಜಾರುತ್ತಿರಲಿಲ್ಲ, ನಿಲ್ಲುತ್ತಿತ್ತು. ಎರಡೂ ಬೇರೆ ಬೇರೆ ಕಾಯಿಲೆ. ಅದನ್ನು ಗಮನಿಸದೆ, ಇಂಜಿನ್ ಹಗುರವಾಯಿತು ಎಂದುಕೊಂಡು, ಒಳಗೆ 600 ಗ್ರಾಂ ಸೀಸ ತುಂಬಿಸಿದೆ. ಗಾಡಿ ಮೊದಲಿಗಿಂತ ಅರ್ಧ ಮೀಟರ್ ಹಿಂದೆಯೇ ನಿಂತಿತು. ತನ್ನ ಮೈಭಾರವನ್ನೂ ತಾನೇ ಹೊತ್ತು ಹತ್ತಬೇಕಲ್ಲವೇ? ಅದು ಸಾಲದೆಂಬಂತೆ, ಜಗಲಿಯ ಬಳಿ ಒಂದು ಬೋಗಿ ಹಳಿ ತಪ್ಪಿ ಸಿಕ್ಕಿಕೊಂಡಿತು. ಮುಂಚೆಯಾಗಿದ್ದರೆ ಗಾಲಿಗಳು ಜಾರಿ ಅಷ್ಟಕ್ಕೇ ಬಿಡುತ್ತಿದ್ದವು. ಸೀಸದ ಭಾರದಿಂದ ಹಳಿಯನ್ನು ಬಿಗಿಯಾಗಿ ಕಚ್ಚಿಕೊಂಡಿದ್ದ ಗಾಲಿ ಜಾರಲಿಲ್ಲ, ಒಳಗಿನ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿಯಿತು. ಗಾಲಿ ಜಾರುವುದೂ ಒಂದು ರಕ್ಷಣೆ ಎಂಬ ಪಾಠ ಕಲಿಯಲು ಹುಡುಗನ ಇಂಜಿನ್ ಬಲಿಯಾಯಿತು. ಅವನು ಏನೂ ಅನ್ನಲಿಲ್ಲ, ಮುಖ ಮಾತ್ರ ಸಣ್ಣದಾಯಿತು. ನನಗೆ ಅದೇ ಹೆಚ್ಚು ನೋವಾಯಿತು.

ಹೊಸ ಗೇರು ಬರಲು ಎರಡು ತಿಂಗಳಾಯಿತು. ಸೀಸ ತೆಗೆದು, ಗೇರು ಕೂಡಿಸಿ ಮತ್ತೆ ಓಡಿಸುವ ದಿನ ಯಜಮಾನರೂ ಬಂದು ಕುರ್ಚಿ ಹಾಕಿಕೊಂಡು ಕೂತರು. ಸಂಜೆಯ ಹೊತ್ತು. ಗಾಡಿ ಏರಿಗೆ ಬಂದಿತು. ಅವರು ಎಲೆಯಡಿಕೆ ಪಕ್ಕಕ್ಕಿಟ್ಟು, “ಮೇಷ್ಟ್ರೇ, ಅದರ ಮುಂದಿನ ದೀಪ ನೋಡಿ. ಏರು ಬಂದ ಕೂಡಲೇ ಮಂಕಾಗ್ತದೆ. ನಮ್ಮ ಮೋಟರ್ ಮನೆ ಬಲ್ಬೂ ಹೀಗೇ. ಮೋಟರ್ ಹಾಕಿದ ತಕ್ಷಣ ಕೆಂಡದ ಹಾಗೆ ಆಗ್ತದೆ” ಎಂದರು.

ಮೂವತ್ತು ವರ್ಷ ಓಮ್‌ನ ನಿಯಮ ಪಾಠ ಮಾಡಿದವನಿಗೆ ಕಾಣದ್ದು ಅವರಿಗೆ ಕಂಡಿತ್ತು.

ಮಲ್ಟಿಮೀಟರ್ ತಂದು ತೊಟ್ಟಿಯ ಕಡೆಯ ಹಳಿಗೆ ಹಿಡಿದೆವು. ಇಂಜಿನ್ನನ್ನು ಹಳಿಯಿಂದ ಎತ್ತಿದ್ದಾಗ 18 ವೋಲ್ಟ್, ಜಗಲಿಯಲ್ಲಿ ಕೊಟ್ಟಷ್ಟೂ ಇದೆ. ಇಂಜಿನ್ ಎಳೆಯುತ್ತಿದ್ದಾಗ 11! ಹರಿಯುತ್ತಿದ್ದ ವಿದ್ಯುತ್ತು ಒಂದು ಆಂಪಿಯರ್. ಏಳು ವೋಲ್ಟ್ ದಾರಿಯಲ್ಲೇ ಕಳೆದುಹೋಗಿದೆ, ಅಂದರೆ ದಾರಿಯಲ್ಲಿ ಏಳು ಓಮ್ ರೋಧವಿದೆ. ಎಲ್ಲಿ? ಹಳಿಗಳು ತಲಾ 30 ಸೆಂಟಿಮೀಟರಿನ ತುಂಡುಗಳು. ಹನ್ನೆರಡು ಮೀಟರಿಗೆ ನಲವತ್ತು ತುಂಡು. ಹೋಗುವ ಹಳಿ, ಬರುವ ಹಳಿ ಎರಡೂ ಸೇರಿ ಸುಮಾರು ಎಂಬತ್ತು ಕೀಲುಗಳು. ಮಳೆ, ಕೆಮ್ಮಣ್ಣಿನ ಧೂಳು ಸೇರಿ ಕೀಲುಗಳಲ್ಲಿ ಹಿತ್ತಾಳೆ ಕಪ್ಪಿಟ್ಟಿತ್ತು. ಒಂದೊಂದು ಕೀಲಿನ ರೋಧ ಒಂದು ಓಮ್‌ನ ಹತ್ತನೇ ಒಂದು ಭಾಗವೂ ಇಲ್ಲ. ಆದರೆ ಹನಿಗೂಡಿದರೆ ಹಳ್ಳ. ಕೊಟ್ಟ 18 ವ್ಯಾಟ್‌ನಲ್ಲಿ ಏಳು ವ್ಯಾಟ್ ಕೀಲುಗಳನ್ನು ಬಿಸಿ ಮಾಡಲು ಹೋಗುತ್ತಿತ್ತು. ಹುಡುಗ ಕೇಳಿದಂತೆ ದೊಡ್ಡ ಮೋಟರ್ ಹಾಕಿದ್ದರೆ ಅದು ಇನ್ನೂ ಹೆಚ್ಚು ಆಂಪಿಯರ್ ಕೇಳುತ್ತಿತ್ತು, ದಾರಿಯ ನಷ್ಟವೂ ಹೆಚ್ಚುತ್ತಿತ್ತು.

ಪರಿಹಾರ ಮೂರು ಬಗೆಯದು. ಪ್ರತಿ ಕೀಲನ್ನೂ ಉಜ್ಜಿ ತಂತಿ ಬೆಸೆಯಬಹುದು. ದಪ್ಪ ತಂತಿ ಎಳೆದು ತೊಟ್ಟಿಯ ಕಡೆಯಿಂದಲೂ ವಿದ್ಯುತ್ ಕೊಡಬಹುದು. ಇಲ್ಲವೇ ಹಳಿಯ ಹಂಗೇ ಬೇಡವೆಂದು ಇಂಜಿನ್ನಿನೊಳಗೆ ಬ್ಯಾಟರಿ ಇಡಬಹುದು. ಮಳೆ ಧೂಳು ಎರಡೂ ಇರುವ ತೋಟಕ್ಕೆ ಮೂರನೆಯದೇ ಸರಿ ಎನಿಸಿತು. ಅಜ್ಜಂಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿ ನೆರವಿಗೆ ಬಂದ. 3.7 ವೋಲ್ಟಿನ ನಾಲ್ಕು ಲಿಥಿಯಂ ಸೆಲ್‌ಗಳನ್ನು ಸಾಲಾಗಿ ಜೋಡಿಸಿದರೆ 14.8 ವೋಲ್ಟ್. ಜೊತೆಗೆ ರಕ್ಷಣಾ ಸರ್ಕ್ಯೂಟು, ಒಂದು ಫ್ಯೂಸು, ವೇಗ ನಿಯಂತ್ರಕ. ಗಾಲಿಗಳಿಂದ ಮೋಟರಿಗೆ ಬರುತ್ತಿದ್ದ ತಂತಿಗಳನ್ನು ಕತ್ತರಿಸಿದ. ಅವು ಹಾಗೇ ಇದ್ದು, ಯಾರಾದರೂ ಮರೆತು ಹಳಿಗೂ ವಿದ್ಯುತ್ ಕೊಟ್ಟರೆ ಬ್ಯಾಟರಿಗೆ ಅಪಾಯ. ಸೆಲ್‌ಗಳ ತೂಕ 200 ಗ್ರಾಂಗಿಂತ ಸ್ವಲ್ಪ ಕಡಿಮೆ. ಅವನ್ನು ಎಳೆಯುವ ಗಾಲಿಗಳ ಮೇಲೆಯೇ ಕೂರಿಸಿದೆವು. ಸೀಸದಂತೆ ಸುಮ್ಮನೆ ಕೂರುವ ಭಾರವಲ್ಲ, ದುಡಿಯುವ ಭಾರ.

ವೋಲ್ಟ್ ಕಡಿಮೆಯಾದ್ದರಿಂದ ಸಮತಟ್ಟಿನಲ್ಲಿ ಗಾಡಿಯ ವೇಗ ಸ್ವಲ್ಪ ತಗ್ಗಿದೆ. ಆದರೆ ಏರಿನಲ್ಲಿ ದೀಪ ಮಂಕಾಗುವುದಿಲ್ಲ. ಮೂರು ಬೋಗಿ ಎಳೆದುಕೊಂಡು ತೊಟ್ಟಿಯವರೆಗೂ ಹೋಗುತ್ತದೆ. ಒಮ್ಮೆ ಚಾರ್ಜ್ ಮಾಡಿದರೆ ಮೂರು ಗಂಟೆಗೆ ಮೋಸವಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಹುಡುಗರ ಪುಟಕ್ಕೆ ಸೇರುತ್ತಿತ್ತು. ಯಜಮಾನರು ಆ ಬೇಸಿಗೆಯಲ್ಲಿ ಬೋರ್‌ವೆಲ್ಲಿನ ಮೋಟರನ್ನು ಎರಡು ಸಲ ವೈಂಡಿಂಗ್ ಮಾಡಿಸಿದ್ದರು. ತೋಟದ ಆ ತುದಿಯ ಮರಗಳಿಗೆ ನೀರು ಮುಟ್ಟದೆ ಎಳೆ ಕಾಯಿ ಉದುರುತ್ತಿದ್ದವು. ಐದು ಎಚ್.ಪಿ. ತೆಗೆದು ಏಳೂವರೆ ಹಾಕಲು ಸಾಲಕ್ಕೆ ಓಡಾಡುತ್ತಿದ್ದರು. “ನಮ್ಮದೂ ಅಳೆಸಬಹುದಾ ಮೇಷ್ಟ್ರೇ?” ಎಂದರು.

ಅದು ನನ್ನ ಕೈಯ ಕೆಲಸವಲ್ಲ. ಮೂರು ಫೇಸಿನ ವಿದ್ಯುತ್ತಿಗೆ ಕುತೂಹಲದಿಂದ ಕೈಹಾಕುವುದು ಪ್ರಾಣಕ್ಕೆ ಎರವಾದೀತು. ಅಜ್ಜಂಪುರದ ಹುಡುಗನೇ ಅಳೆದ. ಮೋಟರ್ ನಿಂತಿದ್ದಾಗ ಮೀಟರ್ ಬೋರ್ಡಿನಲ್ಲೂ ಬೋರ್‌ವೆಲ್ ಬಾಯಿಯಲ್ಲೂ 400 ವೋಲ್ಟ್. ಮೋಟರ್ ಓಡುವಾಗ ಬೋರ್ಡಿನಲ್ಲಿ 395, ಬೋರ್‌ವೆಲ್ ಬಾಯಿಯಲ್ಲಿ 340. ನಡುವೆ ಇದ್ದದ್ದು ಯಜಮಾನರೇ ಎಂದೋ ಎಳೆಸಿದ್ದ ತೆಳುವಾದ ಅಲ್ಯೂಮಿನಿಯಂ ತಂತಿ, ಅದರಲ್ಲಿ ಟೇಪು ಸುತ್ತಿದ ಎರಡು ಗಂಟು. ಬಿಚ್ಚಿದರೆ ಒಳಗೆ ಸುಟ್ಟು ಕರಕಲು. ವೋಲ್ಟ್ ಕಡಿಮೆಯಾದರೆ ಪಂಪಿನ ಮೋಟರ್ ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆಯುತ್ತದೆ, ಕಾಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ದಪ್ಪ ಕೇಬಲ್ ಎಳೆಸಿ ಗಂಟು ತೆಗೆಸಿದರು. ಐದು ಎಚ್.ಪಿ. ಮೋಟರೇ ಉಳಿಯಿತು, ಸಾಲ ತಪ್ಪಿತು. ಬೋರ್‌ವೆಲ್ಲಿನಲ್ಲಿ ನೀರಿನ ಮಟ್ಟ ಇಳಿದಿದ್ದರೆ ಕೇಬಲ್ಲಿನಿಂದ ಏನೂ ಆಗದು. ಅದು ಬೇರೆಯೇ ಚಿಂತೆ. ಅವರ ಅದೃಷ್ಟಕ್ಕೆ ಆ ವರ್ಷ ನೀರಿತ್ತು.

ಓದುಗರಿಗೆ ನಾನು ಹೇಳಬಯಸುವುದು ಇಷ್ಟೆ. ಯಂತ್ರ ಸೋತಾಗ ಅದನ್ನು ಬದಲಾಯಿಸುವ ಮುಂಚೆ ಅಳೆದು ನೋಡಿ. ಅಳೆಯುವಾಗ ಅದು ಭಾರ ಎಳೆಯುತ್ತಿರಲಿ. ಸುಮ್ಮನೆ ನಿಂತಾಗ ಎಲ್ಲ ಕೀಲುಗಳೂ ಸಾಚಾ ಆಗಿಯೇ ಕಾಣುತ್ತವೆ.

ಹೋದ ಭಾನುವಾರ ಹೋದಾಗ ಹುಡುಗ ನಾಲ್ಕನೆಯ ಬೋಗಿ ಸೇರಿಸಲು ಹೊರಟಿದ್ದ. “ಎಳೆಯುತ್ತದೇನೋ?” ಎಂದೆ. ಅವನು ಉತ್ತರ ಹೇಳದೆ ಒಳಗೆ ಹೋಗಿ ತಕ್ಕಡಿ ತಂದ.